ಹಾಲುಹಲ್ಲಿನ ಹುಳುಕಿಗೆ ಯಾವ ಭರ್ತಿ ಉತ್ತಮ?

“ಹೇಗೂ ಬಿದ್ದುಹೋಗುವ ಹಲ್ಲಿಗೆ ಚಿಕಿತ್ಸೆಯೇಕೆ?” ಎಂದು ತಾಯಿತಂದೆಗಳು ಕೇಳುವುದುಂಟು. ಮಗುವಿನ 20 ಹಾಲುಹಲ್ಲುಗಳೂ ಒಂದೇ ಕಾಲಕ್ಕೆ ಬೀಳುವುದಿಲ್ಲ ಎಂಬುದನ್ನು ಮೊದಲು ತಿಳಿಯಿರಿ. ಮುಂದಿನ ಹಲ್ಲುಗಳು 6–7ನೆಯ ವಯಸ್ಸಿನಲ್ಲಿ ಬೀಳತೊಡಗುತ್ತವೆ. ಹಿಂಬದಿಯ ದವಡೆಹಲ್ಲುಗಳು 10ರಿಂದ 12 ವರ್ಷದವರೆಗೆ ಉಳಿಯಬೇಕು. 4 ವರ್ಷದ ಮಗುವಿನ ದವಡೆಹಲ್ಲು ಇನ್ನೂ ಆರೇಳು ವರ್ಷ ರೊಟ್ಟಿಯನ್ನು ಅಗಿಯಬೇಕಾದ ಹಲ್ಲು. ಅದನ್ನು ಅಲಕ್ಷಿಸಿದರೆ ನೋವು, ಕೀವು, ನಿದ್ರಾಭಂಗಗಳು ಉಂಟಾಗಿ ಮಗು ಊಟವನ್ನೇ ಬಿಡಬಹುದು. ಅವಧಿಗೆ ಮುನ್ನ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಶಾಶ್ವತ ಹಲ್ಲು ಓರೆಯಾಗಿ ಮೂಡಬಹುದು.

ಹುಳುಕು ತುಂಬಲು ಬಳಸುವ ಪದಾರ್ಥಗಳ ಗುಣಾವಗುಣಗಳು ಹೀಗಿವೆ:

ಗ್ಲಾಸ್ ಅಯಾನೊಮರ್ ಸಿಮೆಂಟ್: ಇದು ಹಲ್ಲಿಗೆ ತಾನಾಗಿಯೇ ಅಂಟಿಕೊಳ್ಳುತ್ತದೆ, ಫ್ಲೋರೈಡನ್ನೂ ಒಸರಿಸುತ್ತದೆ. ವಿದ್ಯುತ್ ಯಂತ್ರವಿಲ್ಲದೆ, ಕೈ ಉಪಕರಣಗಳಿಂದಲೇ ಹುಳುಕನ್ನು ಕೆರೆದು ತುಂಬಬಹುದು. ಆದರೆ ಬೇಗ ಸವೆಯುತ್ತದೆ. ಒಂದೇ ಬದಿಯ ಸಣ್ಣ ಕುಳಿಗೆ ತಕ್ಕುದು.

ಕಾಂಪೋಸಿಟ್: ಹಲ್ಲಿನದೇ ಬಣ್ಣ, ಹೆಚ್ಚು ಗಟ್ಟಿ. ಆದರೆ ತುಂಬುವಾಗ ಹಲ್ಲು ಪೂರ್ಣವಾಗಿ ಒಣಗಿರಬೇಕು. ಮಗು ಅಲುಗಾಡದೆ ಕುಳಿತಿರಬೇಕು. ವೆಚ್ಚವೂ ಅಧಿಕ.

ಬೆಳ್ಳಿಯ ಅಮಾಲ್ಗಮ್: ಬಹುಕಾಲ ಬಾಳುವಂಥದು. ಇದರ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವಿದೆ. ಪಾದರಸ ಕುರಿತ ಮಿನಮಾಟಾ ಒಪ್ಪಂದಕ್ಕೆ 2022ರಲ್ಲಿ ಆದ ತಿದ್ದುಪಡಿಯು ಹಾಲುಹಲ್ಲುಗಳಿಗೆ, 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ, ದಂತವೈದ್ಯರು ಅಗತ್ಯವೆಂದು ಕಂಡ ಸಂದರ್ಭದ ಹೊರತು, ಇದರ ಬಳಕೆಯನ್ನು ತಡೆಯಬೇಕು ಅಥವಾ ಬೇಡವೆಂದು ಸಲಹೆ ನೀಡಬೇಕು ಎನ್ನುತ್ತದೆ. ಈಗಾಗಲೇ ಹಾಕಿಸಿರುವ ಗಟ್ಟಿಯಾದ ಭರ್ತಿಯನ್ನು ಹೆದರಿ ತೆಗೆಸಬೇಕಾಗಿಲ್ಲ.

ಉಕ್ಕಿನ ಕವಚ: ದವಡೆಹಲ್ಲಿನ ಎರಡು ಮೂರು ಬದಿಗಳು ಹಾಳಾಗಿದ್ದರೆ ಬರಿಯ ಭರ್ತಿ ನಿಲ್ಲುವುದು ಕಷ್ಟ. ಆಗ ಹಲ್ಲನ್ನೇ ಮುಚ್ಚುವ ಈ ಕವಚವು ಹೆಚ್ಚು ಕಾಲ ಬಾಳುತ್ತದೆ. ಕಾಲ ಬಂದಾಗ ಹಲ್ಲಿನೊಡನೆಯೇ ಬೀಳುತ್ತದೆ.

ಆದುದರಿಂದ ಎಲ್ಲ ಮಕ್ಕಳಿಗೂ ಒಂದೇ ಪದಾರ್ಥ ಉತ್ತಮವೆನ್ನಲಾಗದು. ಕುಳಿ ಎಷ್ಟು ದೊಡ್ಡದು, ಹಲ್ಲು ಇನ್ನೆಷ್ಟು ವರ್ಷ ಉಳಿಯಬೇಕು, ಮಗು ಎಷ್ಟು ಹೊತ್ತು ಬಾಯಿ ತೆರೆದು ಕುಳಿತೀತು – ಈ ಮೂರನ್ನೂ ದಂತವೈದ್ಯರೊಡನೆ ವಿಚಾರಿಸಿರಿ.

ನೋವು ಬರುವವರೆಗೆ ಕಾಯಬೇಡಿರಿ. ಹಲ್ಲಿನ ಮೇಲೆ ಬಿಳಿಯ ಅಥವಾ ಕಂದು ಕಲೆ ಕಂಡೊಡನೆ ದಂತವೈದ್ಯರಿರುವ ಸಮೀಪದ ಸರ್ಕಾರಿ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯಿರಿ. ರಾತ್ರಿ ಹಲ್ಲುಜ್ಜಿಸಿದ ಬಳಿಕ ಸಿಹಿ ಕೊಡಬೇಡಿರಿ. ಸಣ್ಣ ಕುಳಿಗೆ ಸಣ್ಣ ಭರ್ತಿಯೇ ಸಾಕು. ತಡಮಾಡಿದರೆ ಹಲ್ಲನ್ನೇ ಕಳೆದುಕೊಳ್ಳಬೇಕಾದೀತು.