ಶಾಸಕರ ವರ್ಷದ ಲೆಕ್ಕ ಕೇಳುವಾಗ

ಆಂಧ್ರಪ್ರದೇಶದ ನಮ್ಮ ಸಿ. ಬೆಳಗಲ್ ಮಂಡಲ ಕೋಡುಮೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ವರ್ಷದ ಕೊನೆಗೆ ಶಾಸಕರು ಮಾಡಿದ ಕೆಲಸಗಳ ಲೆಕ್ಕ ಒಪ್ಪಿಸಿದರೆ ಗೌರವದಿಂದಲೇ ಕೇಳಿ. ಅದು ಒಳ್ಳೆಯ ಪದ್ಧತಿ, ಯಾವ ಪಕ್ಷದವರು ಮಾಡಿದರೂ ಸರಿ. ಕೇಳುವಾಗ ಪ್ರತಿ ಕೆಲಸ ಯಾವ ಹಂತದಲ್ಲಿದೆ ಎಂಬುದನ್ನು ಮಾತ್ರ ಬಿಡಬೇಡಿ. ಮಂಜೂರಾಗಿದೆಯೋ, ಟೆಂಡರ್ ಆಗಿದೆಯೋ, ಶುರುವಾಗಿದೆಯೋ, ಮುಗಿದಿದೆಯೋ?

ಉದಾಹರಣೆಗೆ ಗುಂಡ್ರೇವುಲ ಯೋಜನೆಯನ್ನೇ ನೋಡಿ. ತುಂಗಭದ್ರೆಗೆ ಅಲ್ಲಿ 20 ಟಿಎಂಸಿ ನೀರು ಹಿಡಿಯುವ ಜಲಾಶಯ ಬೇಕೆಂಬುದು ಹಳೆಯ ಬೇಡಿಕೆ. ಕೆಳಗಿನ ಸುಂಕೇಸುಲ ಬ್ಯಾರೇಜಿನಲ್ಲಿ ನಿಲ್ಲುವುದು 1.2 ಟಿಎಂಸಿ ಅಷ್ಟೇ. ಮಳೆಗಾಲದಲ್ಲಿ ಉಕ್ಕಿ ಬಂದ ನೀರು ಕಣ್ಣೆದುರೇ ಹರಿದುಹೋಗುತ್ತದೆ, ಬೇಸಿಗೆಗೆ ಹೊಲ ಬಾಯಿ ಬಿಡುತ್ತದೆ. 2019ರ ಚುನಾವಣೆಗೆ ಮುನ್ನ ಸರ್ಕಾರ ಯೋಜನೆಗೆ ಆಡಳಿತಾನುಮತಿ ಕೊಟ್ಟಿತು. ಆದೇಶ ಬಂದ ಮಾತ್ರಕ್ಕೆ ಕಟ್ಟೆ ಏಳಲಿಲ್ಲ. ಆದ್ದರಿಂದ ಇಂಥ ಯೋಜನೆಯ ಹೆಸರು ಕೇಳಿಬಂದಾಗ ಚಪ್ಪಾಳೆಗೆ ಮುಂಚೆ ಬಜೆಟ್‌ನಲ್ಲಿ ಈ ವರ್ಷ ಎಷ್ಟು ಹಣ ಇಟ್ಟಿದ್ದಾರೆ, ಭೂಸ್ವಾಧೀನ ಎಲ್ಲಿಗೆ ಬಂತು ಎಂದು ಕೇಳಿ.

ಶಾಸಕರು ಲೆಕ್ಕ ಒಪ್ಪಿಸುವ ಕರಪತ್ರ ತೆಲುಗಿನಲ್ಲಿರುತ್ತದೆ. ಮನೆಯಲ್ಲಿ ಕನ್ನಡವಷ್ಟೇ ಬಲ್ಲ ಅಜ್ಜಿ ತಾತಂದಿರಿದ್ದರೆ ಕೂತು ಓದಿ ಹೇಳಿ. ಊರಿನ ಯಾವ ಬೋರು ಯಾವಾಗ ಬತ್ತಿತು, ಯಾವ ರಸ್ತೆ ಎಷ್ಟು ಸಲ ಕಿತ್ತುಹೋಯಿತು ಎಂಬುದು ಅವರ ನೆನಪಿನಲ್ಲಿರುತ್ತದೆ; ಕರಪತ್ರದ ಮಾತನ್ನು ಅದರೊಂದಿಗೆ ಹೋಲಿಸಿ ನೋಡಬಹುದು.

ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಡಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ಕೆಲಸದ ಬಗ್ಗೆ ಕೇಳಿ, ಊರು, ಕಾಮಗಾರಿ, ವರ್ಷ ಸ್ಪಷ್ಟವಾಗಿ ಬರೆಯಿರಿ, ಸ್ವೀಕೃತಿ ಚೀಟಿ ಜೋಪಾನವಾಗಿಡಿ.