ಬೇಲಿಯಾಚೆಯಿಂದ ಬಂದ ಪ್ರಶ್ನೆ

ಓದಿಗೆ: 1 ಪೇತ್ರ 3:15-16, ಮಾರ್ಕ 5:18-20, ಯೊವಾನ್ನ 19:25-27



ತಪಸ್ಸುಕಾಲದ ಕೊನೆಯ ವಾರ ಬಂತೆಂದರೆ ನಮ್ಮ ಕಾರವಾರ, ಅಂಕೋಲೆ ಕಡೆಯ ಅನೇಕ ಕ್ರೈಸ್ತ ಮನೆಗಳಲ್ಲಿ ಒಂದು ಸಣ್ಣ ಪ್ರಸಂಗ ನಡೆಯುತ್ತದೆ. ಶುಭ ಶುಕ್ರವಾರದ ಬೆಳಿಗ್ಗೆ ನೆರೆಮನೆಯವರೋ ಕಚೇರಿಯ ಜೊತೆಗಾರರೋ ನಗುಮುಖದಿಂದ "ಶುಭ ಶುಕ್ರವಾರದ ಶುಭಾಶಯಗಳು" ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದು. ಚೌತಿಗೆ ನಾವು ಅವರಿಗೆ ಶುಭ ಕೋರುವಂತೆ ನಮ್ಮ ಹಬ್ಬಕ್ಕೆ ಅವರು ಕೋರುತ್ತಾರೆ. ಅದು ಹಬ್ಬದ ದಿನವಲ್ಲ, ಪ್ರಭು ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನ, ನಾವು ಉಪವಾಸವಿರುವ ದಿನ ಎಂಬುದು ಅವರಿಗೆ ಗೊತ್ತಿಲ್ಲ. ನಾವು "ಥ್ಯಾಂಕ್ಯೂ" ಎಂದು ಹೇಳಿ ಮುಂದೆ ನಡೆಯುತ್ತೇವೆ.

ಒಂದೇ ಬಾವಿಯ ನೀರು, ಒಂದೇ ಬೇಲಿ, ಇಪ್ಪತ್ತು ಮೂವತ್ತು ವರ್ಷಗಳ ನೆರೆಹೊರೆ. ಕ್ರಿಸ್ಮಸ್‌ಗೆ ನೆವರಿಯ ತಟ್ಟೆ ಆ ಕಡೆ ಹೋಗುತ್ತದೆ, ಚೌತಿಗೆ ಮೋದಕದ ತಟ್ಟೆ ಈ ಕಡೆ ಬರುತ್ತದೆ. ತಿಂಡಿ ಹಂಚಿಕೊಂಡಿದ್ದೇವೆ, ವಿಶ್ವಾಸದ ಒಂದು ಮಾತನ್ನು ಹಂಚಿಕೊಂಡಿಲ್ಲ. ಅವರಿಗೆ ತಿಳಿಯದಿರುವುದು ಅವರ ತಪ್ಪೋ, ನಮ್ಮದೋ? ಈ ವಾರ ಇದನ್ನು ಯೋಚಿಸೋಣ.

ನಾನು ಕೊಡದೆ ಹೋದ ಉತ್ತರ

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಶಾಲೆಯಲ್ಲಿ ಪಾಠ ಹೇಳಿದವಳು ನಾನು. ರವಿವಾರ ಬಲಿಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶವನ್ನೂ ಬಹಳ ವರ್ಷ ಕಲಿಸಿದ್ದೇನೆ. ನಮ್ಮ ಕೇರಿ ಅಂಕೋಲೆಯ ಕಡಲ ಬದಿಯಲ್ಲಿದೆ. ಪಕ್ಕದ ಮನೆಯ ತಾಯಿಯೊಬ್ಬಳ ಮಗ ಮೀನಿಗೆ ಹೋದವನು ಜೀವಂತವಾಗಿ ತಿರುಗಿ ಬರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಆಕೆ ಒಂದು ಸಂಜೆ ಕರಿಬೇವಿಗೆಂದು ನಮ್ಮ ಮನೆಗೆ ಬಂದಳು. ಶಿಲುಬೆಯ ಬುಡದಲ್ಲಿ ಮಾತೆ ಮರಿಯಮ್ಮನವರು ನಿಂತಿರುವ ಚಿತ್ರವೊಂದು ನಮ್ಮ ಜಗಲಿಯ ಗೋಡೆಯಲ್ಲಿದೆ. ಅದನ್ನು ತುಸು ಹೊತ್ತು ನೋಡಿದಳು.

"ಅಕ್ಕೋರೇ, ಆ ತಾಯಿ ಮಗನ ಎದುರಿಗೇ ನಿಂತಾಳಲ್ಲ. ಅವಳು ಹ್ಯಾಂಗೆ ತಡಕೊಂಡ್ಳು?"

ನಾನು ಏನು ಹೇಳಿದೆ ಗೊತ್ತೇ? "ಅದೆಲ್ಲ ದೊಡ್ಡ ವಿಷಯ, ನಮ್ಮ ಸ್ವಾಮಿಗಳನ್ನು ಕೇಳಬೇಕು" ಎಂದೆ. ಚಹಾ ಮಾಡುವ ನೆಪದಿಂದ ಒಳಗೆ ಹೋದೆ. ನಾನು ಚಹಾ ತರುವ ಹೊತ್ತಿಗೆ ಆಕೆ ಕರಿಬೇವು ಹಿಡಿದುಕೊಂಡು ಹೋಗಿಬಿಟ್ಟಿದ್ದಳು.

ರಾತ್ರಿ ಜಪಸರ ಮಾಡುವಾಗ ಮನಸ್ಸು ಚುಚ್ಚಿತು. ನನ್ನ ಬಾಯಿ ಕಟ್ಟಿದ್ದು ಎರಡು ಹೆದರಿಕೆ. "ಪಕ್ಕದ ಮನೆಯವರನ್ನು ಮತಕ್ಕೆ ಸೆಳೆಯುತ್ತಿದ್ದಾರೆ" ಎಂದು ಯಾರಾದರೂ ಅಂದಾರು ಎಂಬುದು ಒಂದು. ಎರಡನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ಆ ಪ್ರಶ್ನೆಗೆ ಪುಸ್ತಕದ ಉತ್ತರ ನನ್ನಲ್ಲಿತ್ತು, ನನ್ನ ಉತ್ತರ ಇರಲಿಲ್ಲ. ದಿನಾಲೂ ಧೂಳು ಒರೆಸುತ್ತಿದ್ದ ಚಿತ್ರವನ್ನು ನಾನೇ ಯಾವತ್ತೂ ಆ ಪ್ರಶ್ನೆ ಕೇಳಿರಲಿಲ್ಲ.

ಶ್ರೀಗ್ರಂಥ ಏನು ಹೇಳುತ್ತದೆ?

ಸಂತ ಪೇತ್ರರ ಮೊದಲನೆಯ ಪತ್ರ ಏಷ್ಯಾ ಮೈನರ್ ಪ್ರಾಂತ್ಯಗಳಲ್ಲಿ ಅಲ್ಲಲ್ಲಿ ಚದುರಿದ್ದ ಸಣ್ಣ ಸಣ್ಣ ಕ್ರೈಸ್ತ ಗುಂಪುಗಳಿಗೆ ಬರೆದದ್ದು. ಸುತ್ತಲೂ ಬೇರೆ ನಂಬಿಕೆಯ ಜನ, ನಡುವೆ ನಾಲ್ಕಾರು ಕ್ರೈಸ್ತ ಮನೆ: ನಮ್ಮದೇ ಸ್ಥಿತಿ. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಿ, ಆದರೆ ಅದನ್ನು ವಿನಯದಿಂದ, ಗೌರವದಿಂದ ಮಾಡಿರಿ ಎಂಬುದು ಆ ಪತ್ರದ ಬುದ್ಧಿಮಾತು. ಇದರಲ್ಲಿ ಮೂರು ಪಾಠಗಳಿವೆ. ಮೊದಲು ನೆರೆಯವನು ಕೇಳಬೇಕು. ಅಂದರೆ ನಮ್ಮ ಬದುಕು ಅವನಲ್ಲಿ ಪ್ರಶ್ನೆ ಹುಟ್ಟಿಸುವಂತಿರಬೇಕು. ಕೇಳಿದಾಗ ಉತ್ತರ ನಮ್ಮಲ್ಲಿ ಸಿದ್ಧವಿರಬೇಕು. ಆ ಉತ್ತರದಲ್ಲಿ ಜಂಬವಿರಬಾರದು.

ಮಾರ್ಕನ ಶುಭಸಂದೇಶದಲ್ಲಿ ದೆವ್ವದ ಕಾಟದಿಂದ ಬಿಡುಗಡೆಯಾದ ಮನುಷ್ಯ ಯೇಸುವಿನ ದೋಣಿ ಹತ್ತಿ ಜೊತೆಗೆ ಹೋಗಲು ಬಯಸುತ್ತಾನೆ. ಪ್ರಭು ಅವನನ್ನು ಮನೆಗೆ ಕಳುಹಿಸುತ್ತಾರೆ. ದೇವರು ನಿನಗೆ ಮಾಡಿದ ಉಪಕಾರವನ್ನು ನಿನ್ನವರಿಗೆ ಹೇಳು ಎನ್ನುತ್ತಾರೆ. ಅವನು ಗ್ರಂಥ ಓದಿದವನಲ್ಲ, ಬೋಧಕನಲ್ಲ. ತನಗಾದದ್ದನ್ನು ಹೇಳಬಲ್ಲ, ಅಷ್ಟೇ. ನಮ್ಮಿಂದ ಪ್ರಭು ಕೇಳುವುದೂ ಇಷ್ಟನ್ನೇ.

ಯಾವುದು ಹಂಚಿಕೆ, ಯಾವುದು ಒತ್ತಾಯ?

ಇಂದಿನ ದಿನಗಳಲ್ಲಿ ಇದು ನಮಗೆ ಸ್ಪಷ್ಟವಾಗಿರಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಕುರಿತಾದ ಘೋಷಣೆಯನ್ನೂ ಧರ್ಮಸಭೆಯ ಪ್ರೇಷಿತ ಕಾರ್ಯದ ಕುರಿತಾದ ಆದೇಶಪತ್ರವನ್ನೂ ಹೊರಡಿಸಿತು. ಒಂದೇ ದಿನ ಹೊರಬಂದ ಈ ಎರಡನ್ನು ಒಟ್ಟಿಗೆ ಓದಬೇಕು. ಶುಭಸಂದೇಶವನ್ನು ಸಾರುವುದು ಕ್ರೈಸ್ತನ ಕರ್ತವ್ಯ; ಆದರೆ ಯಾರನ್ನೂ ಬಲವಂತದಿಂದ, ಆಮಿಷದಿಂದ, ಕುಯುಕ್ತಿಯಿಂದ ವಿಶ್ವಾಸಕ್ಕೆ ಎಳೆಯುವುದನ್ನು ಧರ್ಮಸಭೆ ನಿಷೇಧಿಸುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 748ನೆಯ ನಿಯಮವೂ ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಒತ್ತಾಯಿಸಕೂಡದು ಎನ್ನುತ್ತದೆ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಒಪ್ಪಿಕೊಂಡು ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ. ಇದರಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪು ಕೊಟ್ಟಿದೆ.

ಪರಿವರ್ತನೆ ದೇವರು ಮತ್ತು ಒಬ್ಬ ಮನುಷ್ಯನ ಮನಸ್ಸಾಕ್ಷಿಯ ನಡುವಿನ ವಿಷಯ. ಅದು ನಮ್ಮ ಕೈಯ ಕೆಲಸವಲ್ಲ. ಕೇಳಿದವನಿಗೆ ಸತ್ಯವನ್ನು ಪ್ರೀತಿಯಿಂದ ಹೇಳುವುದು ಮಾತ್ರ ನಮ್ಮ ಕೆಲಸ. ಜಗದ್ಗುರು ಆರನೆಯ ಪೌಲರು 1975ರ ತಮ್ಮ ಪ್ರೇಷಿತ ಪತ್ರದಲ್ಲಿ ಬಾಳಿನ ಸಾಕ್ಷಿ ಮೊದಲು ಬರಬೇಕೆಂದರು. ಆದರೆ ಆ ಬಾಳಿನ ಹಿಂದೆ ಇರುವವರು ಯಾರೆಂದು ಒಂದು ದಿನ ಬಾಯಿಬಿಟ್ಟು ಹೇಳದಿದ್ದರೆ ಸಾಕ್ಷಿ ಅಪೂರ್ಣ ಎಂದೂ ಎಚ್ಚರಿಸಿದರು.

ಈ ಕರಾವಳಿ ಕಂಡ ಸಂತರು

ಇದನ್ನು ಬಾಳಿ ತೋರಿಸಿದವರು ನಮ್ಮ ನೆರೆಯ ಗೋವೆಯಲ್ಲೇ ಹುಟ್ಟಿದರು. ಸಂತ ಜೋಸೆಫ್ ವಾಜರು 1651ರಲ್ಲಿ ಬೆನೌಲಿಯಲ್ಲಿ ಜನಿಸಿದರು. 1681ರಲ್ಲಿ ಕೆನರಾ ಮಿಷನ್ನಿನ ಹೊಣೆ ಹೊತ್ತು ಬಂದು, ಗುರುಗಳಿಲ್ಲದೆ ಚದುರಿಹೋಗಿದ್ದ ಕರಾವಳಿಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು.

1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಶ್ರೀಲಂಕೆಗೆ ಹೋದರು. ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಕಾಲ ಅದು. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ನೋಡಿ ಯಾರ ಮುಖ ಅರಳುತ್ತದೋ ಅವರೇ ತಮ್ಮವರು ಎಂದು ತಿಳಿದುಕೊಂಡರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂಶಯಕ್ಕೆ ಗುರಿಯಾಗಿ ಸೆರೆವಾಸ ಅನುಭವಿಸಿದರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂತು. ಜನ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದಾಗ, ವಾಜರು ತಮ್ಮ ಸೋದರಳಿಯ ಗುರುವಿನ ಜೊತೆ ಹಿಂದೆ ಉಳಿದರು. ಗುಡಿಸಲು ಕಟ್ಟಿ ರೋಗಿಗಳನ್ನು ಮಲಗಿಸಿದರು, ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣುಮಾಡಿದರು. ಬೌದ್ಧರು, ಕ್ರೈಸ್ತರು ಎಂಬ ಭೇದ ಮಾಡಲಿಲ್ಲ. ಬೌದ್ಧ ಧರ್ಮದ ರಾಜ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಗೌರವದಿಂದ ಕಂಡ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಅವರು ಕಣ್ಣುಮುಚ್ಚಿದರು. ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಗಮನಿಸಿ: ಕೊರಳಲ್ಲಿ ಜಪಸರ ಬಹಿರಂಗವಾಗಿತ್ತು, ಕೈ ಸೇವೆಯಲ್ಲಿತ್ತು. ಅವರು ವಿಶ್ವಾಸವನ್ನು ಮುಚ್ಚಿಡಲಿಲ್ಲ. ಗಂಜಿಗೆ ಬೆಲೆಯಾಗಿ ಅದನ್ನು ಕೇಳಲೂ ಇಲ್ಲ.

ನೆರೆಯವರು ನಮ್ಮಲ್ಲಿ ಏನು ಓದುತ್ತಾರೆ?

ನಮ್ಮ ಮನೆಗಳ ಕಡೆ ಒಮ್ಮೆ ನೋಡಿಕೊಳ್ಳೋಣ. ಅಂಕೋಲಾ ತಾಲ್ಲೂಕಿನ ಬಡಗೇರಿಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರನ್ನು ಯಾರು ಅರಿಯರು? ಜಾನಪದ ಹಾಡುಗಳನ್ನು ಉಳಿಸಿದ್ದಕ್ಕೆ 2017ರಲ್ಲಿ ಪದ್ಮಶ್ರೀ ಪಡೆದ ಈ ತಾಯಿ 2025ರಲ್ಲಿ ತೀರಿಕೊಂಡರು. ಮನೆಗಳನ್ನು ಹಾಳುಮಾಡುವ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು ಅವರು. ನಮ್ಮಲ್ಲೋ, ಜ್ಞಾನಸ್ನಾನದ ಊಟಕ್ಕೂ ಬಾಟಲಿ ಬೇಕು. ಮದುವೆಯ ಮರುದಿನ ಅಂಗಳ ಗುಡಿಸುವವರಿಗೆ ನಮ್ಮ ಧರ್ಮದ ಬಗ್ಗೆ ಏನು ತಿಳಿಯುತ್ತದೆ? ಎಲ್ಲ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಮಹಾಸಭೆ 1965ರಲ್ಲೇ ಹೇಳಿದೆ. ಹಂಚಿಕೊಳ್ಳಲು ಹೋಗುವವನು ಕಲಿಯಲೂ ತಯಾರಿರಬೇಕು. ನೆರೆಯ ಮನೆಯ ಒಳ್ಳೆಯತನದಿಂದ ಕಲಿಯದವನ ಬಾಯಿಂದ ಬರುವ ಉಪದೇಶವನ್ನು ಯಾರು ಕೇಳುತ್ತಾರೆ?

ಮತ್ತೆ ಬೇಲಿಯ ಹತ್ತಿರ

ನನ್ನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ವಾರವಿಡೀ ಯೊವಾನ್ನನ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯವನ್ನು ಓದಿದೆ. ನಂತರ ನಾನೇ ಬೇಲಿ ದಾಟಿ ಹೋದೆ. "ಅವತ್ತು ನೀನು ಕೇಳಿದ್ದಕ್ಕೆ ನಾನು ಉತ್ತರ ಹೇಳಲಿಲ್ಲ" ಎಂದೆ. ಹೇಳಿದ್ದು ಇಷ್ಟು: "ಅವಳು ಹ್ಯಾಗೆ ತಡಕೊಂಡಳೆಂದು ನಮ್ಮ ಗ್ರಂಥ ಹೇಳುವುದಿಲ್ಲ. ನಿಂತಿದ್ದಳು ಎಂದಷ್ಟೇ ಹೇಳುತ್ತದೆ. ಮಗ ಸಾಯುವ ಮೊದಲು ಒಬ್ಬ ಶಿಷ್ಯನನ್ನು ತೋರಿಸಿ, ಇವನು ನಿನ್ನ ಮಗ ಎಂದ. ಆ ಶಿಷ್ಯ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಸತ್ತ ಮಗನನ್ನು ದೇವರು ಮೂರನೆಯ ದಿನ ಎಬ್ಬಿಸಿದನೆಂದು ನಾವು ನಂಬುತ್ತೇವೆ. ನನ್ನ ಅವ್ವ ಹೋದಾಗ ನಾನು ಆ ಚಿತ್ರದ ಎದುರಿಗೇ ಕುಳಿತು ಅತ್ತೆ."

ಆಕೆ ಬಹಳ ಹೊತ್ತು ಸುಮ್ಮನಿದ್ದಳು. "ಹಂಗಾರೆ ಅವಳಿಗೆ ಗೊತ್ತದೆ" ಎಂದಳು, ಅಷ್ಟೇ.

ಆಗ ಆ ಶಿಷ್ಯನ ಕೆಲಸ ನನಗೆ ನೆನಪಾಯಿತು. ತಾಯಿಗೆ ಬರೀ ಮಾತು ಸಾಲದು, ಆಕೆಯ ಪಾಲಿಗೆ ಒಬ್ಬರು ನಿಲ್ಲಬೇಕು. ಪರಿಹಾರದ ಅರ್ಜಿ ತುಂಬಿಸಲು ಆಕೆಗೆ ಬರುತ್ತಿರಲಿಲ್ಲ. ಮೀನುಗಾರಿಕೆ ಇಲಾಖೆಯ ಕಚೇರಿಗೆ ಆಕೆಯ ಜೊತೆ ನಾಲ್ಕು ಸಲ ಹೋಗಿಬಂದೆ. ಈ ಉಪಕಾರವನ್ನು ಗಾಳವಾಗಿ ಬಳಸಿದ್ದರೆ ಅದು ಪಾಪವಾಗುತ್ತಿತ್ತು. ಆಕೆ ಇಂದಿಗೂ ತನ್ನ ದೇವಸ್ಥಾನಕ್ಕೇ ಹೋಗುತ್ತಾಳೆ. ಶುಭ ಶುಕ್ರವಾರದ ದಿನ ಮಾತ್ರ ಶುಭಾಶಯ ಹೇಳುವುದಿಲ್ಲ. ನಮ್ಮ ಮೆಟ್ಟಿಲ ಮೇಲೆ ಬಂದು ಸುಮ್ಮನೆ ಸ್ವಲ್ಪ ಹೊತ್ತು ಕುಳಿತು ಹೋಗುತ್ತಾಳೆ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ನಮ್ಮ ತಾಲ್ಲೂಕಿನ ಎಷ್ಟೋ ಬಾಯಿಗಳಲ್ಲಿ "ದೇವರು ಎಲ್ಲಿದ್ದಾನೆ?" ಎಂಬ ಮಾತು ಬಂದಿರಬೇಕು. ಇಂಥ ಪ್ರಶ್ನೆ ನಿಮ್ಮ ಬಾಗಿಲಿಗೂ ಬರುತ್ತದೆ. ಆಗ ನೀವೂ ಚಹಾದ ನೆಪದಿಂದ ಒಳಗೆ ಹೋಗಬೇಡಿ.

ಕುಟುಂಬದಲ್ಲಿ ಚಿಂತನೆಗೆ

1. ಶಿಲುಬೆಯ ಗುರುತು ಏಕೆ ಮಾಡುತ್ತೇವೆ, ಶುಭ ಶುಕ್ರವಾರ ಏಕೆ ಉಪವಾಸ, ಜಪಸರ ಏಕೆ? ಈ ಮೂರಕ್ಕೆ ಮನೆಯ ಪ್ರತಿಯೊಬ್ಬರೂ, ಚಿಕ್ಕ ಮಕ್ಕಳೂ, ತಮ್ಮದೇ ಮಾತಿನಲ್ಲಿ ಉತ್ತರ ಹೇಳಲಿ. ಮನೆಯಲ್ಲಿ ಕೊಂಕಣಿಯಲ್ಲಿ ಹೇಳಿದ್ದನ್ನು ನೆರೆಯವರಿಗಾಗಿ ಕನ್ನಡದಲ್ಲೂ ಹೇಳಲು ಕಲಿಯಿರಿ.

2. ದೇವರು ನಮಗೆ ಮಾಡಿದ ಯಾವ ಉಪಕಾರವನ್ನು ನಾವು ಇದುವರೆಗೆ ಯಾರಿಗೂ ಹೇಳಿಲ್ಲ?

3. ನಮ್ಮ ಮನೆಯ ಯಾವ ನಡತೆ ನೆರೆಯವರಿಗೆ ಅಡ್ಡಿಯಾಗಿದೆ? ಕುಡಿತವೇ, ಜಗಳವೇ, ಗಡಿಯ ತಕರಾರೇ? ಈ ವಾರ ಅದರಲ್ಲಿ ಒಂದನ್ನು ಸರಿಪಡಿಸೋಣ.

ಪ್ರಾರ್ಥನೆ

ಪ್ರಭು ಯೇಸುವೇ, ಕೇಳುವವರಿಗೆ ಉತ್ತರ ಕೊಡುವ ಧೈರ್ಯವನ್ನೂ ಕೇಳದವರ ಮುಂದೆ ಬಾಳಿ ತೋರಿಸುವ ತಾಳ್ಮೆಯನ್ನೂ ನಮಗೆ ಕೊಡಿ. ನಮ್ಮ ನೆರೆಹೊರೆಯನ್ನು ಕಾಪಾಡಿರಿ. ಕಡಲಿಗೆ ಹೋದವರನ್ನು ಸುಖವಾಗಿ ದಡ ಸೇರಿಸಿರಿ. ಆಮೆನ್.