ನಿಂತ ನೆಲದ ನಕ್ಷೆ

ಶಿವಮೊಗ್ಗ ನಗರವು ಬೆಳೆದಂತೆ ಆಲ್ಕೊಳವೂ ಅದರ ಬಡಾವಣೆಗಳಲ್ಲೊಂದಾಯಿತು. ಬೆಳೆಯುವ ಊರಿನಲ್ಲಿ ನಿವೇಶನ ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ: ಈ ನೆಲ ಯಾರದು? ಅದು ಕೆರೆಯಂಗಳವೋ ರಾಜಕಾಲುವೆಯೋ ಗೋಮಾಳವೋ ಆಗಿದ್ದರೆ ಅವನ ಜೀವಮಾನದ ಉಳಿತಾಯವೇ ಮಣ್ಣುಪಾಲಾದೀತು.

ಇದಕ್ಕೆ ಉತ್ತರ ಹೇಳಬಲ್ಲುದು ನಕ್ಷೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬಾತನು ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯನ್ನು ಅಳೆದು, ಮೈಸೂರು ಸೀಮೆಯ ಮೋಜಣಿಗೆ ತಳಹದಿ ಹಾಕಿದನು. ಮುಂದೆ ಕಂದಾಯದ ಭೂಮಾಪಕರು ಊರೂರು ಅಲೆದು, ಹೊಲಗದ್ದೆಗಳಿಗೆ ಸರ್ವೆ ನಂಬರು ಕೊಟ್ಟು, ಗ್ರಾಮನಕ್ಷೆಗಳನ್ನು ರಚಿಸಿದರು.

ಆ ನಕ್ಷೆಗಳು ಈಗ ಗಣಕಯಂತ್ರವನ್ನು ಸೇರಿವೆ. 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು, ಭೂಮಾಪನ ಇಲಾಖೆಗಾಗಿ ‘ದಿಶಾಂಕ್’ ಎಂಬ ಆ್ಯಪನ್ನು ರೂಪಿಸಿದೆ. ಉಪಗ್ರಹಗಳ ಸಂಕೇತಗಳಿಂದ ಮೊಬೈಲು ತಾನಿರುವ ಸ್ಥಳವನ್ನು ಅರಿಯುತ್ತದೆ. ಆ್ಯಪು ಆ ಸ್ಥಳವನ್ನು ಗ್ರಾಮನಕ್ಷೆಯೊಡನೆ ಹೊಂದಿಸಿ ಸರ್ವೆ ನಂಬರನ್ನು ತೋರಿಸುತ್ತದೆ. ನಂಬರು ತಿಳಿದರೆ ಜಮೀನಿನ ಒಡೆಯನಾರೆಂಬುದನ್ನು ಪಹಣಿಯಲ್ಲಿ ನೋಡಬಹುದು. ಒಂದು ಕಾಲಕ್ಕೆ ಕಚೇರಿಯ ಕಡತಗಳಲ್ಲಷ್ಟೇ ಇದ್ದ ತಿಳಿವಳಿಕೆ ಈಗ ಸಾಮಾನ್ಯನ ಅಂಗೈಗೆ ಬಂದಿದೆ. ಕೆರೆ ಕಾಲುವೆಗಳ ಒತ್ತುವರಿಯನ್ನು ಗುರುತಿಸಲು ಸರ್ಕಾರಕ್ಕೂ ಇಂತಹ ನಕ್ಷೆಗಳು ನೆರವಾಗುತ್ತವೆ.

ಆದರೆ ಮೊಬೈಲು ತೋರುವ ಸ್ಥಾನವು ಕೆಲವು ಮೀಟರುಗಳಷ್ಟು ಆಚೀಚೆ ಆಗಬಹುದು. ಆದ್ದರಿಂದ ಗಡಿಯ ತಕರಾರು ಬಂದಾಗ ಭೂಮಾಪಕನು ಸ್ಥಳಕ್ಕೇ ಬಂದು ಅಳೆಯಬೇಕು. ನಕ್ಷೆಯು ಕೆರೆಯ ಎಲ್ಲೆಯನ್ನು ತೋರಿಸೀತು. ಆ ಎಲ್ಲೆಯನ್ನು ಮೀರದೆ ಬಾಳುವ ವಿವೇಕ ಮಾತ್ರ ಜನರಲ್ಲಿಯೇ ಇರಬೇಕು.